ಹನ್ನೆರಡು ಖಂಡುಗದ ಪತ್ತಾಯ ಎಷ್ಟು ಸಿಎಫ್‌ಟಿ?

ಹೋದ ತಿಂಗಳು ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೂರು ದಿನ ಯಾರೂ ಗುಡ್ ಮಾರ್ನಿಂಗ್ ಕಳಿಸಲಿಲ್ಲ. ಇಪ್ಪತ್ತೆರಡು ಜನ ಇರುವ ಗ್ರೂಪು. ಬೆಳಗ್ಗೆ ಆರಕ್ಕೇ ಗುಲಾಬಿ ಹೂವು, ಕಾಫಿ ಲೋಟ, ಸೂರ್ಯೋದಯ ಎಲ್ಲಾ ಬಂದು ಬೀಳುವ ಜಾಗ. ಅಲ್ಲಿ ಮೂರು ದಿನ ಮೌನ ಅಂದ್ರೆ ಏನೋ ದೊಡ್ಡದೇ ಆಗಿದೆ ಅಂತ ಅರ್ಥ. ಆಗಿದ್ದು ಇಷ್ಟೇ: ಒಂದು ಮರದ ಪೆಟ್ಟಿಗೆಯ ಲೆಕ್ಕ.

ತೀರ್ಥಹಳ್ಳಿ ಕಡೆಯ ನಮ್ಮೂರ ಮನೆಯಲ್ಲಿ ಒಂದು ಪತ್ತಾಯ ಇದೆ. ನೋಡಿಲ್ಲದವರಿಗೆ ಹೇಳ್ತೀನಿ, ಪತ್ತಾಯ ಅಂದ್ರೆ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ಬಯಲುಸೀಮೆಯವರ ಕಣಜ, ಹಗೇವು, ವಾಡೆಗಳು ಮಾಡುವ ಕೆಲಸವನ್ನೇ ನಮ್ಮ ಕಡೆ ಇದು ಮಾಡುತ್ತೆ. ನಮ್ಮದು ಹಲಸಿನ ಮರದ್ದು, ಅಜ್ಜ ಮಾಡಿಸಿದ್ದು. ಮನೆಯವರೆಲ್ಲ ಅದನ್ನು ಕರೆಯೋದೇ 'ಹನ್ನೆರಡು ಖಂಡುಗದ ಪತ್ತಾಯ' ಅಂತ. ಈಗ ಅದರಲ್ಲಿ ಭತ್ತ ಇಲ್ಲ. ಹಳೇ ಕಂಬಳಿ, ಒಡೆದ ಛತ್ರಿ, ನನ್ನ ಎಂಜಿನಿಯರಿಂಗ್ ಪುಸ್ತಕಗಳು ಇವೆ.

ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅಮ್ಮ ಶಿವಮೊಗ್ಗದಲ್ಲಿ ಸಣ್ಣ ಮನೆ ಕಟ್ಟಿಸ್ತಿದ್ದಾರೆ. ಊರ ಮನೆ ಪಾಲಾಗುವಾಗ "ಪತ್ತಾಯ ನಾನು ತಗೊಂಡು ಹೋಗ್ತೀನಿ" ಅಂದರು. "ತಗೊಳ್ಳಿ ಅತ್ತಿಗೆ. ಆದರೆ ಅದಕ್ಕೊಂದು ಬೆಲೆ ಕಟ್ಟಿ, ಅರ್ಧ ನನಗೆ ಕೊಡಿ" ಅಂದರು ಚಿಕ್ಕಪ್ಪ. ನ್ಯಾಯವಾದ ಮಾತೇ. ಬೆಲೆ ಕಟ್ಟೋದು ಹೇಗೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಗ ಬಂದ ನೋಡಿ ಚಿಕ್ಕಪ್ಪನ ಮಗ. ಅಮೆರಿಕದಲ್ಲಿದ್ದಾನೆ, ಮನೆ ಹಿಂದೆ ಸ್ವಂತ ಕೈಯಲ್ಲೇ ಮರದ ಡೆಕ್ ಕಟ್ಟಿದವನು. ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜು: "ಸಿಂಪಲ್. ಖಂಡುಗಕ್ಕೆ 160 ಸೇರು. 12 ಖಂಡುಗಕ್ಕೆ 1920 ಸೇರು. ಸೇರಿಗೆ 0.933. ಒಟ್ಟು 1791 ಲೀಟರ್. ಅಂದರೆ 759 ಬೋರ್ಡ್ ಫೂಟ್, ಅಂದರೆ 63 ಸಿಎಫ್‌ಟಿ. ಹಳೇ ಹಲಸಿಗೆ ಸಿಎಫ್‌ಟಿಗೆ ಎರಡು ಸಾವಿರ ಅಂತ ಹಿಡಿದರೆ 1,26,000 ರೂ. ಅರ್ಧ 63,000." ಕೊನೆಗೊಂದು ಥಂಬ್ಸ್ ಅಪ್.

ಅಮ್ಮ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು: "ಇಪ್ಪತ್ತೈದು ವರ್ಷ ನಾನು ಗುಡಿಸಿ ಒರೆಸಿದ ಪೆಟ್ಟಿಗೆ. ಅರವತ್ಮೂರು ಸಾವಿರ ಕೊಟ್ಟು ನಾನೇ ಕೊಂಡ್ಕೋಬೇಕಾ?" ಮೌನ ಶುರುವಾಗಿದ್ದು ಅಲ್ಲಿಂದ.

ನನಗೆ ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸ್ತು. ಆದರೆ ಎಲ್ಲಿ ಅಂತ ತಕ್ಷಣ ಹೇಳೋಕೆ ಆಗಲಿಲ್ಲ. ಯೂನಿಟ್ ಕನ್ವರ್ಶನ್ ಅಲ್ವಾ, ಆ್ಯಪ್ ತಪ್ಪು ಮಾಡುತ್ತಾ? ಶನಿವಾರ ಬಸ್ ಹತ್ತಿದೆ. ಬ್ಯಾಗಿನಲ್ಲಿ ಒಂದು ಅಳತೆ ಟೇಪು, ಅಡುಗೆಮನೆಯ ಒಂದು ಲೀಟರಿನ ಜಗ್ಗು.

ಸೇರು ಅಂದ್ರೆ ಯಾವ ಸೇರು?

ಮೊದಲ ತಪ್ಪು ಸಿಕ್ಕಿದ್ದು ಅಡುಗೆಮನೆಯ ಅಟ್ಟದ ಮೇಲೆ. ಅಲ್ಲಿ ನಮ್ಮ ಹಳೇ ಹಿತ್ತಾಳೆ ಸೇರು ಇತ್ತು. ಹುಣಸೆಹಣ್ಣು ಹಾಕಿ ತಿಕ್ಕಿ, ಅಂಚಿನವರೆಗೆ ನೀರು ತುಂಬಿ, ಜಗ್ಗಿಗೆ ಸುರಿದು ನೋಡಿದೆ. ಸರಿಯಾಗಿ 1.1 ಲೀಟರ್.

ಆ್ಯಪ್ ಹೇಳಿದ 0.933 ಎಲ್ಲಿಂದ ಬಂತು ಹಾಗಾದ್ರೆ? ಅದು ತೂಕದ ಸೇರು. ಬ್ರಿಟಿಷರ ಕಾಲದಲ್ಲಿ 80 ತೊಲಕ್ಕೆ ಒಂದು ಸೇರು ಅಂತ ನಿಗದಿ ಮಾಡಿದ್ದರು. ತೊಲಕ್ಕೆ 11.66 ಗ್ರಾಂ, ಎಂಬತ್ತು ತೊಲಕ್ಕೆ 933 ಗ್ರಾಂ. ಅದು ತಕ್ಕಡಿಯ ಸೇರು. ನಮ್ಮ ಅಟ್ಟದ ಮೇಲಿರೋದು ಅಳತೆಯ ಸೇರು, ಅದು ಪಾತ್ರೆ. ಹೆಸರು ಒಂದೇ, ವಸ್ತು ಬೇರೆ. ನಮ್ಮ ಹುಡುಗ ಕಿಲೋವನ್ನು ಸೀದಾ ಲೀಟರ್ ಮಾಡಿಬಿಟ್ಟಿದ್ದ. ಅದು ನೀರಿಗೆ ಸರಿ, ಭತ್ತಕ್ಕಲ್ಲ. ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ ತೂಗುತ್ತೆ. ಅದೇ ಪಾತ್ರೆಯಲ್ಲಿ ಭತ್ತ ಹಾಕಿದರೆ ಹೊಟ್ಟಿನ ದೆಸೆಯಿಂದ 600 ಗ್ರಾಂ ಕೂಡ ದಾಟೋದು ಕಷ್ಟ.

ಅಳತೆಯ ಸೇರಿನಲ್ಲೂ ಊರಿಗೊಂದು ಲೆಕ್ಕ. ಎಷ್ಟು ಸೇರಿಗೆ ಒಂದು ಕೊಳಗ ಅನ್ನೋದು ಕೂಡ ಸೀಮೆಯಿಂದ ಸೀಮೆಗೆ ಬದಲಾಗ್ತಿತ್ತು. ಕರಾವಳಿಗೆ ಇಳಿದರೆ ಮುಡಿ, ಕಳಸೆ ಅಂತ ಲೆಕ್ಕವೇ ಬೇರೆ. ನಮ್ಮನೆ ಲೆಕ್ಕ ಹೀಗೆ: ಎಂಟು ಸೇರಿಗೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನೂರಾ ಅರವತ್ತು ಸೇರು ಅಂತ ಅವನು ಹೇಳಿದ್ದು ಆ ಮಟ್ಟಿಗೆ ಸರಿಯೇ. ಹಾಗಾಗಿ ನಮ್ಮ ಕೊಳಗ 8.8 ಲೀಟರ್, ನಮ್ಮ ಖಂಡುಗ 176 ಲೀಟರ್. ಅಷ್ಟು ಭತ್ತ ತೂಗಿದರೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್.

ನಮ್ಮ ಹಿರಿಯರು ಖಂಡುಗವನ್ನು ಕಾಳಿಗೆ ಮಾತ್ರ ಬಳಸಿದವರಲ್ಲ, ಭೂಮಿಗೂ ಬಳಸಿದರು. ಒಂದು ಖಂಡುಗ ಬೀಜ ಬಿತ್ತುವಷ್ಟು ಜಾಗವೇ 'ಒಂದು ಖಂಡುಗ ಗದ್ದೆ'. ಮಣ್ಣು ಬೇರೆಯಾದರೆ, ನೀರು ಬೇರೆಯಾದರೆ ಖಂಡುಗವೂ ಬೇರೆ. ಹಾಗಾಗಿ ಯಾರಾದ್ರೂ 'ಖಂಡುಗ ಅಂದ್ರೆ ಇಷ್ಟೇ ಲೀಟರ್' ಅಂತ ಖಡಾಖಂಡಿತವಾಗಿ ಹೇಳಿದರೆ, 'ಯಾವ ಊರಿನದ್ದು, ಯಾವ ಮನೆಯದ್ದು?' ಅಂತ ಕೇಳಿ.

ಗೀಟಿದ ಕೊಳಗ, ಗೋಪುರದ ಕೊಳಗ

ಅಟ್ಟದ ಇನ್ನೊಂದು ಮೂಲೆಯಲ್ಲಿ ಕೊಳಗವೂ ಇತ್ತು. ಮರದ್ದು, ಕಬ್ಬಿಣದ ಪಟ್ಟಿ ಹಾಕಿದ್ದು. ಪಕ್ಕದ ಮನೆಯಿಂದ ಒಂದು ಚೀಲ ಭತ್ತ ತಂದು ಅಳೆದು ನೋಡಿದೆ. ಬಾಯಿಯ ಮಟ್ಟಕ್ಕೆ ಕೋಲಿನಿಂದ ಗೀಟಿದರೆ ಸರಿಯಾಗಿ ಎಂಟು ಸೇರು. ಆದರೆ ಗೀಟದೆ, ತುಂಬಿ ಚೆಲ್ಲುವವರೆಗೆ ಸುರಿದರೆ ಮೇಲೊಂದು ಗೋಪುರ ನಿಲ್ಲುತ್ತೆ. ಆ ಗೋಪುರವನ್ನಷ್ಟೇ ತೆಗೆದು ಅಳೆದೆ. ಸುಮಾರು ಒಂದೂಕಾಲು ಲೀಟರ್. ಒಂದು ಸೇರಿಗಿಂತ ಜಾಸ್ತಿ!

ಅಲ್ಲೇ ಜಗಲಿಯಲ್ಲಿ ಕೂತು ನೋಡ್ತಿದ್ದ ಪಕ್ಕದ ಮನೆಯ ಅಜ್ಜ ನಕ್ಕರು. "ಅದಕ್ಕೇ ನೋಡು ಮಗಾ, ಗೇಣಿ ಅಳೆಯುವಾಗ ಗೋಪುರ, ಕೂಲಿ ಅಳೆಯುವಾಗ ಗೀಟು" ಅಂದರು. ಇಸ್ಕೊಳ್ಳುವವರು ತುಂಬಿ ಇಸ್ಕೊಳ್ತಿದ್ದರು, ಕೊಡುವಾಗ ಗೀಟಿ ಕೊಡ್ತಿದ್ದರು. ಒಂದು ಖಂಡುಗಕ್ಕೆ ಇಪ್ಪತ್ತು ಗೋಪುರ. ಇಪ್ಪತ್ತು ಗೋಪುರಕ್ಕೆ 25 ಲೀಟರ್. ಅಂದರೆ ಹತ್ತಿರ ಹತ್ತಿರ ಮೂರು ಕೊಳಗ ಭತ್ತ ಲೆಕ್ಕಕ್ಕೇ ಇಲ್ಲದೆ ಹೋಯ್ತು. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಎಣಿಸಲಿಲ್ಲ. ಇಪ್ಪತ್ತು ಅಂದ್ರೆ ಇಪ್ಪತ್ತೇ.

ನಮ್ಮ ಅಜ್ಜ ಗೇಣಿದಾರ. ಅಳೆಯೋಕೆ ಬರುವವರು ತಮ್ಮದೇ ಕೊಳಗ ತರ್ತಿದ್ದರಂತೆ. 1974ರಲ್ಲಿ ಭೂಸುಧಾರಣೆ ಕಾನೂನು ಜಾರಿಯಾಗಿ ಉಳುವವನಿಗೇ ಹೊಲ ಅಂತ ಆದಮೇಲೆ ಗದ್ದೆ ನಮ್ಮ ಹೆಸರಿಗೆ ಬಂತು. ಅಲ್ಲಿಯವರೆಗೆ ನಮ್ಮನೆಯಲ್ಲಿ ಪತ್ತಾಯವೇ ಇರಲಿಲ್ಲ. ಇಡೋಕೆ ಭತ್ತ ಉಳಿದರೆ ತಾನೇ? ಗದ್ದೆ ನಮ್ಮದಾದ ಮೇಲೆ ಅಜ್ಜ ಮಾಡಿಸಿದ್ದು ಎರಡೇ ವಸ್ತು. ಮೊದಲು ಈ ಕೊಳಗ, ಆಮೇಲೆ ಆ ಪತ್ತಾಯ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅದರಲ್ಲಿ ನನ್ನ ಪುಸ್ತಕ ತುಂಬಿಟ್ಟಿದ್ದೆ, ಅಷ್ಟೇ.

ಪತ್ತಾಯದ ಒಳಗು ಬೇರೆ, ಪತ್ತಾಯದ ಹಲಗೆ ಬೇರೆ

ಈಗ ಟೇಪು ಹಿಡಿದೆ. ಒಳಗಿನ ಅಳತೆ: ಉದ್ದ 6 ಅಡಿ, ಅಗಲ 3 ಅಡಿ, ಎತ್ತರ 4 ಅಡಿ. ಗುಣಿಸಿದರೆ 72 ಘನ ಅಡಿ. ಸಾಮಿಲ್ ಭಾಷೆಯಲ್ಲಿ 72 ಸಿಎಫ್‌ಟಿ. ಒಂದು ಘನ ಅಡಿಗೆ 28.32 ಲೀಟರ್, ಹಾಗಾಗಿ 2039 ಲೀಟರ್. ನಮ್ಮ ಖಂಡುಗ 176ರಿಂದ ಭಾಗಿಸಿದರೆ 11.6 ಖಂಡುಗ. ಹನ್ನೆರಡಕ್ಕೆ ಎಂಟು ಕೊಳಗ ಕಮ್ಮಿ.

ಅಜ್ಜ ಬಡಾಯಿ ಕೊಚ್ಚಿದ್ದರಾ? ಅಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಸೆಕೆಂಡೂ ಯೋಚಿಸಲಿಲ್ಲ. "ನಿಮ್ಮನ್ನೆಲ್ಲ ಒಳಗೆ ಇಳಿಸಿ ತುಳಿಸ್ತಿರಲಿಲ್ವಾ?" ಅಂದರು. ಹೌದಲ್ಲ! ಸುಗ್ಗಿ ಮುಗಿದ ಮೇಲೆ ಮಕ್ಕಳನ್ನೆಲ್ಲ ಕಾಲು ತೊಳೆಸಿ ಪತ್ತಾಯದೊಳಗೆ ಇಳಿಸ್ತಿದ್ದರು. ಭತ್ತದ ಮೇಲೆ ಕುಣಿಯೋದೇ ಕೆಲಸ. ಮೈಯೆಲ್ಲ ತುರಿಕೆ, ಆದ್ರೂ ಮಜಾ. ಕೊಳಗದಲ್ಲಿ ಸಡಿಲವಾಗಿ ಅಳೆದ ಕಾಳು, ನಾಲ್ಕಡಿ ಆಳದ ಪೆಟ್ಟಿಗೆಯಲ್ಲಿ ತನ್ನದೇ ಭಾರಕ್ಕೆ, ನಮ್ಮ ಕುಣಿತಕ್ಕೆ ಒತ್ತಿಕೊಂಡು ಕೂರುತ್ತೆ. ನೂರಕ್ಕೆ ಮೂರು-ನಾಲ್ಕು ಪಾಲು ಕುಗ್ಗಿದರೆ ಸಾಕು, ಹನ್ನೆರಡು ಖಂಡುಗ ಸರಿಯಾಗಿ ಹಿಡಿಯುತ್ತೆ. ಅಜ್ಜನ ಲೆಕ್ಕ ಸರಿಯಿತ್ತು.

ಆದರೆ ಇಲ್ಲೇ ದೊಡ್ಡ ತಪ್ಪು ಕೂತಿತ್ತು. ಈ 72 ಸಿಎಫ್‌ಟಿ ಏನು? ಅದು ಭತ್ತದ ಜಾಗ. ಖಾಲಿ ಜಾಗ. ಗಾಳಿ! ಮರ ಅಲ್ಲವೇ ಅಲ್ಲ. ಖಂಡುಗವನ್ನು ಸಿಎಫ್‌ಟಿ ಮಾಡಬಹುದು, ಎರಡೂ ಗಾತ್ರದ ಅಳತೆಗಳೇ. ಆದರೆ ಹಾಗೆ ಮಾಡಿದಾಗ ಸಿಗೋದು ಪೆಟ್ಟಿಗೆ ಹಿಡಿಯುವ ಕಾಳಿನ ಗಾತ್ರ, ಪೆಟ್ಟಿಗೆ ಮಾಡಿದ ಮರದ ಗಾತ್ರ ಅಲ್ಲ. ನಮ್ಮ ಹುಡುಗ ಪಾತ್ರೆಯ ಬೆಲೆಯನ್ನು ಪಾತ್ರೆಯೊಳಗಿನ ಪಾಯಸದ ಲೆಕ್ಕದಲ್ಲಿ ಕಟ್ಟಿದ್ದ. ನಾವು ಇಪ್ಪತ್ತೆರಡು ಜನ ಓದಿಕೊಂಡವರು, ಒಬ್ಬರಿಗೂ ಹೊಳೆಯಲಿಲ್ಲ. ದಶಮಾಂಶ ಸಮೇತ ಉತ್ತರ ಬಂದರೆ ಪ್ರಶ್ನೆ ಸರಿಯಿತ್ತಾ ಅಂತ ನಾವು ತಿರುಗಿ ನೋಡೋದೇ ಇಲ್ಲ.

ಸರಿ, ಮರ ಎಷ್ಟು? ಹಲಗೆ ದಪ್ಪ ಅಳೆದೆ, ಒಂದೂವರೆ ಇಂಚು. ತಳ 18 ಚದರಡಿ, ಮುಚ್ಚಳ 18, ಉದ್ದದ ಎರಡು ಬದಿ ಸೇರಿ 48, ಅಗಲದ ಎರಡು ಬದಿ ಸೇರಿ 24. ಒಟ್ಟು 108 ಚದರಡಿ ಹಲಗೆ.

ಇಲ್ಲಿ ಅಮೆರಿಕದವರ ಬೋರ್ಡ್ ಫೂಟ್ ನಿಜಕ್ಕೂ ಉಪಯೋಗಕ್ಕೆ ಬಂತು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ ಇರುವ ಹಲಗೆಯೇ ಒಂದು ಬೋರ್ಡ್ ಫೂಟ್. ಚದರಡಿಯನ್ನು ಇಂಚು ದಪ್ಪದಿಂದ ಗುಣಿಸಿದರೆ ಮುಗೀತು. 108ನ್ನು ಒಂದೂವರೆಯಿಂದ ಗುಣಿಸಿದರೆ 162 ಬೋರ್ಡ್ ಫೂಟ್. ಹನ್ನೆರಡು ಬೋರ್ಡ್ ಫೂಟಿಗೆ ಒಂದು ಸಿಎಫ್‌ಟಿ, ಹಾಗಾಗಿ 13.5 ಸಿಎಫ್‌ಟಿ. ನಾಲ್ಕು ಮೂಲೆಯ ಕಂಬಗಳು ನಾಲ್ಕಿಂಚು ಚಚ್ಚೌಕ, ಐದಡಿ ಎತ್ತರ. ಅವೆಲ್ಲ ಸೇರಿ ಇನ್ನೊಂದು 2.2. ಒಟ್ಟು 15.7 ಸಿಎಫ್‌ಟಿ.

ಅದೇ ಎರಡು ಸಾವಿರದ ರೇಟು ಹಾಕಿದರೆ 31,400 ರೂ. ಅರ್ಧ 15,700. ಅರವತ್ಮೂರು ಸಾವಿರ ಎಲ್ಲಿ, ಇದೆಲ್ಲಿ!

ದಾರ ನಾಲ್ಕು ಮಡಿಕೆ

ಲೆಕ್ಕವನ್ನು ಗ್ರೂಪಿಗೆ ಹಾಕುವ ಮೊದಲು ಚಿಕ್ಕಪ್ಪನ ಹತ್ತಿರ ನೇರವಾಗಿ ಮಾತಾಡೋಣ ಅಂತ ಹೋದೆ. ಅವರು ಎಲ್ಲಾ ಕೇಳಿಸ್ಕೊಂಡು ಒಂದು ಮಾತು ಹೇಳಿದರು: "ನಿಮ್ಮ ಸಿಎಫ್‌ಟಿ ಮೇಲೆ ನನಗೆ ನಂಬಿಕೆಯೇ ಇಲ್ಲ ಕಣೆ."

ಅದಕ್ಕೆ ಕಾರಣ ಇತ್ತು. ಹಿಂದಿನ ಮಳೆಗಾಲದಲ್ಲಿ ಅವರ ತೋಟದ ಹಲಸಿನ ಮರ ಬಿತ್ತು. ಕಾಗದಪತ್ರ ಎಲ್ಲ ಮುಗಿಸಿ ಒಂದು ಸಾಮಿಲ್ಲಿಗೆ ದಿಮ್ಮಿ ಕೊಟ್ಟರು. ಸುತ್ತಳತೆ 60 ಇಂಚು, ಉದ್ದ 10 ಅಡಿ. ಅವರು ಕೊಟ್ಟಿದ್ದು 15.6 ಸಿಎಫ್‌ಟಿಗೆ ದುಡ್ಡು. ಮಗ ಅಮೆರಿಕದಿಂದ ಲೆಕ್ಕ ಹಾಕಿ "ಅಪ್ಪಾ, ಅದು 19.9 ಸಿಎಫ್‌ಟಿ ಆಗುತ್ತೆ, ಮೋಸ ಹೋಗಿದ್ದೀಯ" ಅಂದ. ಅವತ್ತಿನಿಂದ ಚಿಕ್ಕಪ್ಪನಿಗೆ ಮರದ ಲೆಕ್ಕ ಅಂದ್ರೆ ಉರಿ. ಪತ್ತಾಯದ ವಿಷಯದಲ್ಲಿ ಅವರು ಬಿಗಿ ಹಿಡಿದಿದ್ದು ದುರಾಸೆಯಿಂದಲ್ಲ. ಒಂದು ಸಲ ಕೈ ಸುಟ್ಟುಕೊಂಡಿದ್ದರು.

ಅವರ ಮಗ ಹೇಳಿದ್ದು ಗಣಿತದ ಮಟ್ಟಿಗೆ ಸರಿ. ಸಾಮಿಲ್ಲಿನವರು ಮಾಡಿದ್ದೂ ಅವರ ಪದ್ಧತಿಯ ಮಟ್ಟಿಗೆ ಸರಿ. ದುಂಡನೆಯ ದಿಮ್ಮಿ ಅಳೆಯುವಾಗ ನಮ್ಮಲ್ಲಿ ಇವತ್ತಿಗೂ ಎಷ್ಟೋ ಕಡೆ ದಾರ ಬಳಸ್ತಾರೆ. ದಿಮ್ಮಿಯ ನಡುವಿಗೆ ದಾರ ಸುತ್ತಿ, ಆ ದಾರವನ್ನು ನಾಲ್ಕು ಮಡಿಕೆ ಮಾಡಿ ಅಳೀತಾರೆ. ಅರವತ್ತು ಇಂಚು ನಾಲ್ಕು ಮಡಿಕೆಗೆ ಹದಿನೈದು. ಹದಿನೈದನ್ನು ಹದಿನೈದರಿಂದ ಗುಣಿಸಿ, ಹತ್ತಡಿ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ 15.6. ಪೈ ಬೇಡ, ವರ್ಗಮೂಲ ಬೇಡ, ಕ್ಯಾಲ್ಕುಲೇಟರ್ ಕೂಡ ಬೇಡ. ಇದಕ್ಕೆ ಹಾಪ್ಪಸ್ ಅಳತೆ ಅಂತ ಹೆಸರು. ಎಡ್ವರ್ಡ್ ಹಾಪ್ಪಸ್ ಅನ್ನುವ ಇಂಗ್ಲೆಂಡಿನ ಸರ್ವೇಯರ್ 1736ರಲ್ಲಿ ಇದರ ಕೋಷ್ಟಕಗಳ ಪುಸ್ತಕ ಪ್ರಕಟಿಸಿದ. ಬ್ರಿಟಿಷರ ಜೊತೆ ಆ ಲೆಕ್ಕ ನಮ್ಮ ಕಾಡಿಗೂ ಬಂತು.

ನಿಜವಾದ ದುಂಡು ಗಾತ್ರಕ್ಕಿಂತ ಈ ಲೆಕ್ಕ ನೂರಕ್ಕೆ 21.5 ಪಾಲು ಕಡಿಮೆ ತೋರಿಸುತ್ತೆ. ಅದು ಮರೆತು ಆಗಿದ್ದಲ್ಲ. ದುಂಡು ದಿಮ್ಮಿಯನ್ನು ಚೌಕ ಮಾಡಿ ಕೊಯ್ಯುವಾಗ ಸುತ್ತಲಿನ ಚಕ್ಕೆ, ಗರಗಸದ ಹೊಟ್ಟು ಎಲ್ಲ ಹೋಗುತ್ತಲ್ಲ, ಆ ನಷ್ಟವನ್ನು ಮೊದಲೇ ಕಳೆದು ಹೇಳುವ ಲೆಕ್ಕ ಇದು. ನಿಜ ಗಾತ್ರ ಬೇಕಿದ್ದರೆ ಹಾಪ್ಪಸ್ ಸಿಎಫ್‌ಟಿಯನ್ನು 1.27ರಿಂದ ಗುಣಿಸಬೇಕು. ಒಂದಕ್ಕೆ ಒಂದೂಕಾಲಿನಷ್ಟು. 'ಸೇರಿಗೆ ಸವಾಸೇರು' ಅಂತೀವಲ್ಲ, ಇಲ್ಲಿ ಅದು ಅಕ್ಷರಶಃ ನಿಜ.

ಹಾಗಾದ್ರೆ ಮೋಸ ಆಗಲ್ವಾ? ಆಗುತ್ತೆ, ಎರಡು ಕಡೆ. ಒಂದು, ದಾರವನ್ನು ನಡುವಿಗೆ ಬಿಟ್ಟು ಸಣ್ಣ ತುದಿಯ ಕಡೆಗೆ ಸರಿಸಿ ಬಿಗಿಯಾಗಿ ಎಳೆದರೆ. ಚಿಕ್ಕಪ್ಪನ ದಿಮ್ಮಿಯನ್ನೇ 60ರ ಬದಲು 58 ಇಂಚು ಅಂತ ಬರೆದಿದ್ದರೆ 14.6 ಆಗ್ತಿತ್ತು. ಎರಡೇ ಇಂಚಿಗೆ ಒಂದು ಸಿಎಫ್‌ಟಿ ಮಾಯ. ಎರಡು, ದಿಮ್ಮಿಯ ಸಿಎಫ್‌ಟಿ ರೇಟನ್ನೂ ಕೊಯ್ದ ಹಲಗೆಯ ಸಿಎಫ್‌ಟಿ ರೇಟನ್ನೂ ನಾವು ಒಂದೇ ಅಂತ ಹೋಲಿಸಿದರೆ. ಚಿಕ್ಕಪ್ಪ ಮಾಡಿದ್ದು ಇದನ್ನೇ. ಸಿಎಫ್‌ಟಿ ಅನ್ನೋ ಒಂದೇ ಹೆಸರಿನಲ್ಲಿ ಎರಡು ಅಳತೆ ಓಡಾಡ್ತಿದೆ. ಗೀಟಿದ ಕೊಳಗ, ಗೋಪುರದ ಕೊಳಗ ಇದ್ದ ಹಾಗೆ. ಅವರಿಗೆ ಈ ಉದಾಹರಣೆ ಕೊಟ್ಟಾಗ ಮಾತ್ರ ತಲೆ ಆಡಿಸಿದರು.

ಸರ್ಕಾರಿ ನಾಟಾ ಡಿಪೋಗಳಲ್ಲಿ ಘನ ಮೀಟರ್ ಲೆಕ್ಕ. 1956ರಲ್ಲೇ ಮೆಟ್ರಿಕ್ ಕಾನೂನು ಬಂತು, 2009ರ ಕಾನೂನು ಅಳತೆಶಾಸ್ತ್ರ ಕಾಯ್ದೆಯೂ ವ್ಯಾಪಾರದಲ್ಲಿ ಮೆಟ್ರಿಕ್ ಬಿಟ್ಟು ಬೇರೆ ಅಳತೆ ಬೇಡ ಅನ್ನುತ್ತೆ. ಆದರೆ ಬಡಗಿಯ ಬಾಯಲ್ಲಿ ಇನ್ನೂ ಇಂಚು, ಅಡಿ, ಸಿಎಫ್‌ಟಿಯೇ. ನಾವು ಸೈಟನ್ನು ಮೂವತ್ತು-ನಲವತ್ತು ಅನ್ನೋದು ಬಿಟ್ಟಿದ್ದೀವಾ?

ಹೇಳಿದ ಇಂಚು, ಸಿಕ್ಕ ಇಂಚು

ಮನೆ ಕಟ್ಟಿಸುವವರಿಗೆ ಇನ್ನೊಂದು ವಿಷಯ. ಅಮ್ಮನ ಮನೆಯ ಮುಂಬಾಗಿಲ ಚೌಕಟ್ಟಿಗೆ ಐದಿಂಚು ಮೂರಿಂಚಿನ ತುಂಡು ಹೇಳಿದ್ದೆವು. ಏಳಡಿಯ ಎರಡು ನಿಲುವು, ಮೂರೂವರೆ ಅಡಿಯ ಮೇಲಡ್ಡ ಮತ್ತು ಹೊಸಿಲು, ಒಟ್ಟು 21 ಅಡಿ. ಬಿಲ್ಲಿನಲ್ಲಿ 2.19 ಸಿಎಫ್‌ಟಿ. ನಮ್ಮನೆ ಲೆಕ್ಕದಲ್ಲಿ ಸರಿಯಾಗಿ ಏಳು ಕೊಳಗ! ಆದರೆ ಹತ್ತರಿ ಹೊಡೆದು ನಯ ಮಾಡಿದ ಮೇಲೆ ಅಳೆದರೆ ನಾಲ್ಕೂಮುಕ್ಕಾಲು, ಎರಡೂಮುಕ್ಕಾಲು ಇಂಚು. ಈಗದು 1.9 ಸಿಎಫ್‌ಟಿ. ಕೆಲಸದಲ್ಲಿ ಅಷ್ಟು ಹೋಗೋದು ಸಹಜ, ಅದನ್ನು ಯಾರೂ ಮೋಸ ಅನ್ನಲ್ಲ. ಆದರೆ ರೇಟು ಮಾತಾಡುವ ಮೊದಲೇ 'ಹತ್ತರಿಗೆ ಮುಂಚಿನ ಅಳತೆಯಾ, ಆಮೇಲಿನದ್ದಾ?' ಅಂತ ಕೇಳಿಬಿಟ್ಟರೆ ಆಮೇಲೆ ಮುಖ ಊದಿಸ್ಕೊಳ್ಳೋದು ತಪ್ಪುತ್ತೆ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ 'ಟೂ ಬೈ ಫೋರ್' ಅಂತ ಮಾರುವ ರೀಪಿನ ನಿಜ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ಎಂಟಡಿ ಉದ್ದದ್ದನ್ನು ಹೆಸರಿನ ಲೆಕ್ಕದಲ್ಲಿ 5.33 ಬೋರ್ಡ್ ಫೂಟ್ ಅಂತಾರೆ, ಕೈಗೆ ಸಿಗೋದು ಮೂರೂವರೆ. ಕಾಳಿಗೆ ಅವರದ್ದೂ ಪಾತ್ರೆ ಲೆಕ್ಕವೇ, ಬುಶೆಲ್ ಅಂತ. ಅಮೆರಿಕದ ಬುಶೆಲ್ 35.24 ಲೀಟರ್, ಬ್ರಿಟನ್ನಿನದ್ದು 36.37. ನಮ್ಮ ನಾಲ್ಕು ಕೊಳಗದ ಆಸುಪಾಸು. ಒಂದೇ ಹೆಸರು, ಎರಡು ಪಾತ್ರೆ. ನಮಗೆ ಮಾತ್ರ ಈ ಗೋಳು ಅಂದ್ಕೋಬೇಡಿ.

ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ

1 ಘನ ಮೀಟರ್ = 1000 ಲೀಟರ್ = 35.31 ಸಿಎಫ್‌ಟಿ
1 ಸಿಎಫ್‌ಟಿ = 28.32 ಲೀಟರ್ = 12 ಬೋರ್ಡ್ ಫೂಟ್
1 ಬೋರ್ಡ್ ಫೂಟ್ = 2.36 ಲೀಟರ್
1 ಹಾಪ್ಪಸ್ ಸಿಎಫ್‌ಟಿ = 1.27 ನಿಜ ಸಿಎಫ್‌ಟಿ
ಹಲಗೆ, ತೊಲೆ: ಅಗಲ ಇಂಚು × ದಪ್ಪ ಇಂಚು × ಉದ್ದ ಅಡಿ ÷ 144 = ಸಿಎಫ್‌ಟಿ
ದಿಮ್ಮಿ: (ಸುತ್ತಳತೆ ಇಂಚು ÷ 4) × (ಸುತ್ತಳತೆ ಇಂಚು ÷ 4) × ಉದ್ದ ಅಡಿ ÷ 144 = ಹಾಪ್ಪಸ್ ಸಿಎಫ್‌ಟಿ
ನಮ್ಮನೆ ಸೇರು 1.1 ಲೀಟರ್, ಕೊಳಗ 0.31 ಸಿಎಫ್‌ಟಿ, ಖಂಡುಗ 6.2 ಸಿಎಫ್‌ಟಿ

ಕೊನೆಯ ಸಾಲು ನಮ್ಮನೆಗೆ ಮಾತ್ರ. ನಿಮ್ಮದನ್ನು ನೀವೇ ಅಳೆಯಬೇಕು. ಸೇರಿಗೆ ನೀರು ತುಂಬಿ, ಲೀಟರ್ ಜಗ್ಗಿಗೆ ಸುರಿಯಿರಿ. ಬಂದ ಲೀಟರನ್ನು 28.32ರಿಂದ ಭಾಗಿಸಿದರೆ ಸಿಎಫ್‌ಟಿ, 2.36ರಿಂದ ಭಾಗಿಸಿದರೆ ಬೋರ್ಡ್ ಫೂಟ್. ಹಳೇ ಅಳತೆ ಯಾವುದೇ ಇರಲಿ, ಮೊದಲು ಲೀಟರ್ ಮಾಡ್ಕೊಳ್ಳಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ. ಲೆಕ್ಕ ಶುರು ಮಾಡುವ ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದು ತೂಕವೋ, ಗಾತ್ರವೋ? ಒಳಗಿನ ಗಾತ್ರವೋ, ಮರದ ಗಾತ್ರವೋ? ಗೀಟಿದ್ದೋ, ಗೋಪುರವೋ?

ಇನ್ನು ಪತ್ತಾಯದ ವಿಷಯ. ಹದಿನೈದು ಸಾವಿರದ ಏಳ್ನೂರು ಅಂತ ಹೇಳಿ, ಲೆಕ್ಕದ ಚೀಟಿ ಚಿಕ್ಕಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು. ಆಮೇಲೆ ಚೀಟಿ ಮಡಚಿ, "ಅಟ್ಟದ ಮೇಲೆ ಕೊಳಗ ಇದೆಯಾ ಇನ್ನೂ?" ಅಂದರು.

ಇದೆ ಅಂದೆ.

"ಗದ್ದೆ ನಮ್ಮದಾದ ವರ್ಷ ಅದರಲ್ಲಿ ಮೊದಲು ಅಳೆದಾಗ ಎಣಿಸಿದ್ದು ನಾನು. ಅಪ್ಪ ಗೀಟಿ ಗೀಟಿ ಸುರೀತಿದ್ದರು. ನಾನು ಒಂದು ಅನ್ನೋಕೆ ಹೋದೆ. ತಲೆ ಮೇಲೆ ಮೊಟಕಿ, ಒಂದು ಅನ್ನಬಾರದು, ಲಾಭ ಅನ್ನು ಅಂದರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಬೇಡ. ಕೊಳಗ ಕೊಡ್ತಾರಾ ಕೇಳು ನಿಮ್ಮಮ್ಮನ್ನ" ಅಂದರು.

ಅಮ್ಮನಿಗೆ ಫೋನ್ ಮಾಡಿದೆ. ಹದಿನೈದು ಸಾವಿರ ಕೊಡು ಅಂದಿದ್ದರೆ ತಕ್ಷಣ ಹೂಂ ಅಂತಿದ್ದರು. ಕೊಳಗ ಅಂದಾಗ ಅರ್ಧ ನಿಮಿಷ ಮಾತಿಲ್ಲ. ಹೊಸ ಮನೆ ದೇವರ ಕೋಣೆಯಲ್ಲಿ ಅದರಲ್ಲಿ ಅಕ್ಕಿ ತುಂಬಿ ಇಡಬೇಕು ಅಂತ ಅವರಿಗೂ ಮನಸ್ಸಿನಲ್ಲಿತ್ತಂತೆ. ಕೊನೆಗೆ "ಕೊಳಗ ಅವರಿಗೇ ಇರಲಿ. ಸೇರು ಮಾತ್ರ ನಾನು ಕೊಡಲ್ಲ" ಅಂದರು. ಎಂಟರಲ್ಲಿ ಒಂದು ಪಾಲು. ಒಪ್ಪಂದ ಆಯ್ತು.

ಮರುದಿನ ಬೆಳಗ್ಗೆ ಆರು ಗಂಟೆ ಎರಡು ನಿಮಿಷಕ್ಕೆ ಗ್ರೂಪಿನಲ್ಲಿ ಗುಲಾಬಿ ಹೂವು ಬಂತು. ಕಳಿಸಿದ್ದು ಚಿಕ್ಕಪ್ಪ. ಕೆಳಗೆ ಅವರ ಮಗನ ಮೆಸೇಜು: "ಸಾರಿ ದೊಡ್ಡಮ್ಮ. ಪತ್ತಾಯದ ಒಳಗೆ ಗಾಳಿ ಇದೆ ಅನ್ನೋದು ಮರೆತೆ."

ಈ ವಾರ ಊರಿಗೆ ಹೋದರೆ ನಿಮ್ಮ ಅಟ್ಟದ ಮೇಲೂ ಒಂದು ಸಲ ಕೈಯಾಡಿಸಿ. ಸೇರು ಸಿಕ್ಕಿದರೆ ನೀರು ತುಂಬಿ ಅಳೆಯಿರಿ. ಎಷ್ಟು ಬಂತು, ಯಾವ ಊರು ಅಂತ ಕೆಳಗೆ ಬರೆಯಿರಿ. ನಮ್ಮದು ಸಾವಿರದ ನೂರು ಮಿಲಿ. ನಿಮ್ಮದು?